ತಿಂಡಿಯ ಪೊಟ್ಟಣವೂ ಅದರ ರಚನೆಯೂ

ಅಂಗಡಿಯಿಂದ ಒಂದು ತಿಂಡಿಯ ಪೊಟ್ಟಣವನ್ನು ಕೊಂಡು ತಂದ ಗೃಹಸ್ಥನು ಆ ಪೊಟ್ಟಣದ ವಿಷಯದಲ್ಲಿ ಎಷ್ಟು ಹೊತ್ತು ಯೋಚಿಸಿಯಾನು? ಮನೆಯ ಹೊಸ್ತಿಲು ದಾಟಿದೊಡನೆ ಅದರ ಬಾಯನ್ನು ಹರಿಯುವನು. ಒಳಗಿದ್ದುದನ್ನು ಮಕ್ಕಳಿಗೆ ಹಂಚುವನು. ಹೊರಗಿದ್ದುದನ್ನು ಮುದುರಿ ಕಸದ ಬುಟ್ಟಿಗೆ ಎಸೆಯುವನು. ಅಲ್ಲಿಗೆ ಆ ಪೊಟ್ಟಣದ ಆಯುಸ್ಸು ತೀರಿತು. ನಾವೂ ಬಹುಕಾಲ ಹೀಗೆಯೇ ನಡೆದುಕೊಂಡು ಬಂದವರು. ಆದರೆ ನಮ್ಮ ಅಕ್ಕನವರ ಕೋಡುಬಳೆಯ ದೆಸೆಯಿಂದ ಒಂದು ವರ್ಷದ ಕಾಲ ನಮ್ಮ ಮನೆಯಲ್ಲಿ ಪೊಟ್ಟಣದ ವಿಚಾರವಲ್ಲದೆ ಬೇರೆ ವಿಚಾರವೇ ಇಲ್ಲದಂತಾಯಿತು. ಆ ಒಂದು ವರ್ಷದಲ್ಲಿ ಕಂಡದ್ದನ್ನೂ ಓದಿ ತಿಳಿದದ್ದನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಕೈರುಚಿಯುಳ್ಳ ಗೃಹಿಣಿಯರು ತಮ್ಮ ಮನೆಯ ತಿಂಡಿಯನ್ನು ನಾಲ್ಕು ಜನಕ್ಕೆ ಮಾರಿ ಸಂಸಾರಕ್ಕೆ ಆಸರೆಯಾಗಬೇಕೆಂದು ಬಯಸುವುದು ಈಗ ಅಪೂರ್ವವೇನಲ್ಲ. ಅಂಥವರಿಗೆ ಇದರಿಂದ ಸ್ವಲ್ಪವಾದರೂ ಪ್ರಯೋಜನವಾದೀತೆಂದು ನಂಬಿದ್ದೇವೆ.

ನಮ್ಮ ಅಕ್ಕನವರು ಇರುವುದು ತೀರ್ಥಹಳ್ಳಿಯಲ್ಲಿ. ಭಾವನವರು ಕಾಲವಾದ ಮೇಲೆ ಮನೆಯ ಆದಾಯವು ಬಹಳ ಇಳಿದುಹೋಯಿತು. ಒಬ್ಬಳೇ ಮಗಳು ಬೆಂಗಳೂರಿನಲ್ಲಿ ಚಿತ್ರಕಲೆಯನ್ನು ಕಲಿಯುತ್ತಿದ್ದಳು. ಅವಳ ಓದನ್ನು ನಡುವೆ ನಿಲ್ಲಿಸಲು ತಾಯಿಗೆ ಮನಸ್ಸಿಲ್ಲ, ಒಡಹುಟ್ಟಿದವರ ಮುಂದೆ ಕೈಯೊಡ್ಡಲು ಅದಕ್ಕಿಂತಲೂ ಮನಸ್ಸಿಲ್ಲ. ಕೋಡುಬಳೆಯನ್ನು ಮಾಡುವುದರಲ್ಲಿ ಅಕ್ಕನವರ ಕೈಗೆ ಸಮನಾದ ಕೈ ನಮ್ಮ ಬಂಧುವರ್ಗದಲ್ಲಿ ಇಲ್ಲ. ೨೦೨೩ರ ಬೇಸಗೆಯಲ್ಲಿ ಅವರು ತಮ್ಮ ಎರಡು ಚಿನ್ನದ ಬಳೆಗಳನ್ನು ಅಡವಿಟ್ಟು, ದೊಡ್ಡ ಒಲೆಯನ್ನೂ ಬಾಣಲೆಗಳನ್ನೂ ಕೊಂಡು, ಆಹಾರದ ಇಲಾಖೆಯಲ್ಲಿ ಹೆಸರನ್ನು ನೋಂದಾಯಿಸಿ, ಕೆಲಸಕ್ಕೆ ಕೈಯಿಕ್ಕಿದರು. ಮೊದಲ ಕಂತಿನ ನೂರು ಪೊಟ್ಟಣಗಳು ಶಿವಮೊಗ್ಗೆಯ ಒಂದು ಅಂಗಡಿಗೆ ಹೋದುವು. ಅವು ತೆಳ್ಳಗಿನ ಪ್ಲಾಸ್ಟಿಕ್ ಚೀಲಗಳು. ಬಾಯಿ ಮಡಿಸಿ ಎರಡು ಪಿನ್ನು ಹೊಡೆದು, ಮೇಲೊಂದು ಹೆಸರಿನ ಚೀಟಿಯನ್ನು ಅಂಟಿಸಿದ್ದಾಗಿತ್ತು. ಆಷಾಢದ ಮಳೆ ಹಿಡಿದಿತ್ತು. ಹನ್ನೆರಡನೆಯ ದಿನ ಅರುವತ್ತೆರಡು ಪೊಟ್ಟಣಗಳು ಹಿಂದಿರುಗಿ ಬಂದುವು.

ಅಂಗಡಿಯವರು ಸಜ್ಜನರು. ಅವರು ಹೇಳಿದ ಮಾತು ಇಷ್ಟೇ: “ಅಮ್ಮಾ, ನಿಮ್ಮ ಕೈಯಲ್ಲಿ ದೋಷವಿಲ್ಲ. ಆದರೆ ಗಿರಾಕಿಗಳು ಕೇಳುವುದು ಕೋಡುಬಳೆಯನ್ನು. ಚೀಲದಲ್ಲಿರುವುದು ಮೆತ್ತಗಾದ ಚೂರು.” ಹಿಂದಿರುಗಿದ ಚೀಲಗಳನ್ನು ನಡುಮನೆಯಲ್ಲಿ ಸುರಿದುಕೊಂಡು ಎಣಿಸಿದಾಗ ಮೂರರಲ್ಲಿ ಒಂದು ಪಾಲು ಮುರಿದಿತ್ತು, ಉಳಿದುದು ಮಳೆಗಾಲದ ಹಪ್ಪಳದಂತೆ ಬಾಗುತ್ತಿತ್ತು. ಅಕ್ಕನವರು ಅಳಲಿಲ್ಲ. ಬರಿದಾದ ಮುಂಗೈಗಳನ್ನು ಸೆರಗಿನೊಳಗೆ ಎಳೆದುಕೊಂಡು, “ಹುಳಿ ಹಿಂಡಿದವರು ಯಾರೆಂದು ಮೊದಲು ಗೊತ್ತಾಗಬೇಕು” ಎಂದರು.

ರಜೆಗೆಂದು ಬಂದಿದ್ದ ಮಗಳಿಗೆ ಇದರಲ್ಲಿ ಸಂದೇಹವೇ ಇರಲಿಲ್ಲ. ಅವಳ ಅಭಿಪ್ರಾಯದಲ್ಲಿ ದೋಷವೆಲ್ಲ ಹೊರಗಿನ ಅಂದದ್ದು. ಎರಡೇ ದಿನದಲ್ಲಿ ಅವಳು ಏಳೆಂಟು ಚಿತ್ರಗಳನ್ನು ಬರೆದು ನಮ್ಮ ಮುಂದೆ ಹರಡಿದಳು. ಒಂದರಲ್ಲಿ ಯಕ್ಷಗಾನದ ಕಿರೀಟ, ಇನ್ನೊಂದರಲ್ಲಿ ಅಡಿಕೆಯ ತೋಟ, ಮತ್ತೊಂದರಲ್ಲಿ ತುಂಗೆಯ ತೀರ. ಚಿತ್ರಗಳೇನೋ ಸೊಗಸಾಗಿದ್ದುವು. ಅಕ್ಕನವರು ಅವನ್ನೆಲ್ಲ ನಿಧಾನವಾಗಿ ನೋಡಿ, ಏನೂ ಹೇಳದೆ ಎದ್ದು ಹೋಗಿ, ಅಟ್ಟದ ಮೇಲಿನಿಂದ ನಮ್ಮ ಅಜ್ಜಿಯ ಕಾಲದ ತಗಡಿನ ಡಬ್ಬವನ್ನು ತಂದು ನಡುವೆ ಇಟ್ಟರು. “ಇದರ ಮೇಲೆ ಒಂದು ಗೆರೆಯ ಚಿತ್ರವೂ ಇಲ್ಲ. ಆದರೂ ಗೌರಿಹಬ್ಬಕ್ಕೆ ಮಾಡಿದ ಕೋಡುಬಳೆ ಇದರಲ್ಲಿ ದಸರೆಯವರೆಗೆ ಕಟಕಟನೆ ಮುರಿಯುತ್ತಿತ್ತು. ಇದು ಹೇಗೆಂದು ತಿಳಿದ ಮೇಲೆ ಚಿತ್ರ ಬರೆಯೋಣ” ಎಂದರು.

ಪೊಟ್ಟಣದ ರಚನೆ ಎಂಬ ವಿದ್ಯೆಯು ನಮಗೆ ಆರಂಭವಾದುದು ಆ ಡಬ್ಬದಿಂದ. ಅಜ್ಜಿಯವರು ಅದರ ವಿಷಯದಲ್ಲಿ ನಾಲ್ಕು ಕಟ್ಟಳೆಗಳನ್ನು ಮಾಡಿದ್ದುದು ನಮಗೆಲ್ಲರಿಗೂ ನೆನಪಿತ್ತು. ಕರಿದದ್ದು ಪೂರ್ಣವಾಗಿ ಆರುವ ತನಕ ಡಬ್ಬಕ್ಕೆ ತುಂಬಕೂಡದು. ತುಂಬುವಾಗ ಕಂಠದವರೆಗೆ ತುಂಬಬೇಕು. ತುಂಬಿದ ಮೇಲೆ ಬಿಸಿಲಿನ ಕಿಟಕಿಯ ಬಳಿಯಾಗಲಿ ಒಲೆಯ ಬಳಿಯಾಗಲಿ ಇಡಕೂಡದು. ದಿನಕ್ಕೆ ಹತ್ತು ಸಲ ಮುಚ್ಚಳವನ್ನು ತೆರೆಯಕೂಡದು, ಎರಡು ದಿನಕ್ಕೆ ಬೇಕಾದುದನ್ನು ಚಿಕ್ಕ ಡಬ್ಬಿಗೆ ತೆಗೆದುಕೊಂಡು ದೊಡ್ಡದನ್ನು ಭದ್ರವಾಗಿ ಮುಚ್ಚಬೇಕು. ಬಾಲ್ಯದಲ್ಲಿ ನಾವು ಇದನ್ನೆಲ್ಲ ಮಕ್ಕಳ ಕೈಗೆ ತಿಂಡಿ ಸಿಕ್ಕದಿರಲೆಂದು ಮಾಡಿದ ಉಪಾಯವೆಂದೇ ತಿಳಿದಿದ್ದೆವು. ಈಗ ಪುಸ್ತಕಗಳನ್ನು ತಿರುವಿ ನೋಡಿದಾಗ, ದೊಡ್ಡ ದೊಡ್ಡ ಕಾರ್ಖಾನೆಗಳು ಹಣವನ್ನು ನೀರಿನಂತೆ ಚೆಲ್ಲಿ ಸಾಧಿಸಿರುವುದೂ ಈ ನಾಲ್ಕು ಕಟ್ಟಳೆಗಳನ್ನೇ ಎಂಬುದು ಗೊತ್ತಾಯಿತು.

ಮೊದಲನೆಯ ಶತ್ರು ನೀರು. ಕರಿದ ತಿಂಡಿ ಗರಿಗರಿಯಾಗಿರುವುದು ಅದರಲ್ಲಿ ನೀರು ಬಹಳ ಕಡಮೆಯಾಗಿರುವುದರಿಂದ. ಹೊರಗಿನ ಗಾಳಿಯಲ್ಲಿರುವ ತೇವವನ್ನು ಅದು ಬೇಗಬೇಗನೆ ಹೀರಿಕೊಂಡು ಮೆತ್ತಗಾಗುವುದು. ಬಿಸಿಯಿರುವಾಗಲೇ ತುಂಬಿದರೆ ಒಳಗಿನ ಹಬೆಯೇ ಹನಿಯಾಗಿ ತಿಂಡಿಯ ಮೇಲೆ ಇಳಿಯುವುದರಿಂದ, ಶತ್ರುವನ್ನು ನಾವೇ ಒಳಗೆ ಕೂಡಿಹಾಕಿದಂತಾಗುವುದು. ಅಮೆರಿಕ ದೇಶದಲ್ಲಿ ಒಂದು ಕಾಲಕ್ಕೆ ಬಿಸ್ಕತ್ತುಗಳನ್ನು ಪೀಪಾಯಿಗಳಲ್ಲಿ ತುಂಬಿ ಬಿಡಿಯಾಗಿ ಮಾರುತ್ತಿದ್ದರು. ಮೇಲಿನವು ಮೆತ್ತಗೆ, ತಳದವು ಪುಡಿ. ೧೮೯೮ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬಿಸ್ಕತ್ತು ಕಂಪೆನಿಯವರು ‘ಯುನೀಡ’ ಎಂಬ ಬಿಸ್ಕತ್ತನ್ನು ಮೇಣದ ಕಾಗದದ ಒಳಪದರವುಳ್ಳ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾರತೊಡಗಿದರು. ಅದರ ಜಾಹೀರಾತಿನಲ್ಲಿ, ಮಳೆಯ ಅಂಗಿಯನ್ನೂ ಟೋಪಿಯನ್ನೂ ತೊಟ್ಟ ಹುಡುಗನೊಬ್ಬನು ಬಿಸ್ಕತ್ತಿನ ಪೆಟ್ಟಿಗೆಯನ್ನು ಹಿಡಿದು ನಡೆಯುತ್ತಿರುವ ಚಿತ್ರವಿತ್ತು. ಹೊರಗೆ ಎಷ್ಟೇ ಮಳೆ ಬಂದರೂ ಒಳಗಿನದು ನೆನೆಯದೆಂಬ ಅರ್ಥವನ್ನು ಆ ಚಿತ್ರವು ಒಂದು ಮಾತಿನ ಸಹಾಯವೂ ಇಲ್ಲದೆ ಹೇಳುತ್ತಿತ್ತು. ಇದನ್ನು ನಮ್ಮ ಹುಡುಗಿ ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಪೆಟ್ಟಿಗೆಯು ಯಾವ ಕೆಲಸವನ್ನು ನಿಜವಾಗಿ ಮಾಡುತ್ತಿತ್ತೋ ಆ ಕೆಲಸವನ್ನೇ ಚಿತ್ರವೂ ಹೇಳುತ್ತಿತ್ತು. ಕಿರೀಟ ತೋಟಗಳು ಹಾಗೆ ಏನನ್ನೂ ಹೇಳುವುದಿಲ್ಲ ಎಂದು ಅವಳಿಗೇ ತೋರಿತು.

ತೇವವನ್ನು ತಡೆಯಲು ಒಳ್ಳೆಯ ಚೀಲ ಮಾತ್ರ ಸಾಲದು. ಅದರ ಬಾಯಿ ಸಂದಿಲ್ಲದಂತೆ ಮುಚ್ಚಿರಬೇಕು. ನಮ್ಮ ಪಿನ್ನುಗಳು ಮಾಡಿದ ಅನರ್ಥವು ಇದೇ. ಪಿನ್ನು ಹೊಡೆದ ಕಡೆಯಲ್ಲೆಲ್ಲ ಒಂದೊಂದು ತೂತು. ಅದರ ಮೇಲೆ, ಆ ಪಿನ್ನು ಮಗುವಿನ ಬಾಯಿಗೆ ಹೋದರೆ ಗತಿಯೇನು? ಈ ವಿಷಯದಲ್ಲಿ ಲಾರಾ ಸ್ಕಡರ್ ಎಂಬ ಮಹಿಳೆಯ ಕಥೆಯು ಗೃಹಿಣಿಯರು ತಿಳಿಯತಕ್ಕದ್ದಾಗಿದೆ. ಈಕೆ ೧೯೨೬ರಲ್ಲಿ ಕ್ಯಾಲಿಫೋರ್ನಿಯದ ಮಾಂಟೆರೆ ಪಾರ್ಕಿನಲ್ಲಿ ಆಲೂಗೆಡ್ಡೆಯ ಚಿಪ್ಸನ್ನು ಮಾಡಿ ಮಾರುವ ಉದ್ಯಮಕ್ಕೆ ತೊಡಗಿದಳು. ಅಲ್ಲಿಯೂ ಪೀಪಾಯಿಯ ತಳದ ಪುಡಿಯದೇ ತೊಂದರೆ. ಕೆಲಸದ ಹೆಂಗಸರು ಸಂಜೆ ಮನೆಗೆ ಹೋಗುವಾಗ ಮೇಣದ ಕಾಗದವನ್ನು ಕೊಂಡೊಯ್ದು, ಬಟ್ಟೆಗೆ ಹಾಕುವ ಇಸ್ತ್ರಿಪೆಟ್ಟಿಗೆಯಿಂದಲೇ ಅಂಚುಗಳನ್ನು ಅಂಟಿಸಿ ಚೀಲಗಳನ್ನು ಮಾಡಿ ತರುವಂತೆ ಆಕೆ ಏರ್ಪಡಿಸಿದಳು. ಮರುದಿನ ಅವುಗಳಲ್ಲಿ ಚಿಪ್ಸು ತುಂಬಿ ಬಾಯನ್ನು ಮುಚ್ಚುತ್ತಿದ್ದರು. ಎಷ್ಟು ದಿನದೊಳಗೆ ತಿನ್ನಬೇಕೆಂಬ ತಾರೀಖನ್ನು ಪೊಟ್ಟಣದ ಮೇಲೆ ಹಾಕಿಸಿದ ಮೊದಲಿಗರಲ್ಲಿಯೂ ಈಕೆಯೊಬ್ಬಳು. ಮನೆಯ ಇಸ್ತ್ರಿಪೆಟ್ಟಿಗೆಯು ಇಷ್ಟು ದೊಡ್ಡ ಉದ್ಯಮಕ್ಕೆ ಮೂಲವಾಗಬಹುದಾದರೆ, ನಮ್ಮ ಅಕ್ಕನವರು ಕಾವಿನಿಂದ ಬಾಯಿ ಮುಚ್ಚುವ ಒಂದು ಸಣ್ಣ ಯಂತ್ರವನ್ನು ಕೊಂಡುದರಲ್ಲಿ ಆಶ್ಚರ್ಯವೇನು?

ಎರಡನೆಯ ಶತ್ರು ಗಾಳಿ, ಮೂರನೆಯದು ಬೆಳಕು. ಗಾಳಿಯಲ್ಲಿ ನೂರಕ್ಕೆ ಸುಮಾರು ೨೧ ಪಾಲು ಇರುವ ಆಮ್ಲಜನಕವು ಎಣ್ಣೆಯೊಂದಿಗೆ ಕೂಡಿ ಅದನ್ನು ಕೆಡಿಸುವುದು; ಬೆಳಕೂ ಕಾವೂ ಈ ಕೆಡುಕನ್ನು ತ್ವರೆಗೊಳಿಸುವುವು. ಕಮಟು ವಾಸನೆ ಹುಟ್ಟುವುದು ಹೀಗೆ. ಕೋಡುಬಳೆಯಲ್ಲಿ ಕರಿದ ಎಣ್ಣೆಯ ಅಂಶವಿರುವುದರಿಂದ ಇದರ ಭಯ ಇದ್ದೇ ಇದೆ. ಅಜ್ಜಿಯವರು ಕಂಠದವರೆಗೆ ತುಂಬುತ್ತಿದ್ದುದು ಡಬ್ಬದಲ್ಲಿ ಗಾಳಿಗೆ ಎಡೆಯಿರಬಾರದೆಂದು. ಕಾರ್ಖಾನೆಯವರು ಚಿಪ್ಸಿನ ಚೀಲದಿಂದ ಗಾಳಿಯನ್ನು ಹೊರಡಿಸಿ, ಗಾಳಿಯಲ್ಲಿಯೇ ನೂರಕ್ಕೆ ೭೮ ಪಾಲು ಇರುವ ನಿರುಪದ್ರವಿಯಾದ ಸಾರಜನಕವನ್ನು ತುಂಬುವರು. ಚೀಲವು ಉಬ್ಬಿರುವುದು ಇದರಿಂದ. ಇದು ಒಳಗಿನ ತಿಂಡಿಗೆ ದಿಂಬಿನಂತೆಯೂ ಆಗುವುದು. ಚೀಲದ ಒಳಮೈ ಬೆಳ್ಳಿಯಂತೆ ಹೊಳೆಯುವುದು ಅಲಂಕಾರಕ್ಕಲ್ಲ: ಪ್ಲಾಸ್ಟಿಕ್ ಹಾಳೆಯ ಮೇಲೆ ಅಲ್ಯೂಮಿನಿಯಮ್ಮಿನ ಅತಿ ತೆಳುವಾದ ಲೇಪವನ್ನು ಕೊಟ್ಟು ಬೆಳಕನ್ನೂ ಗಾಳಿಯನ್ನೂ ತಡೆದಿರುತ್ತಾರೆ. ಆದರೆ ಉಬ್ಬಿದ ಚೀಲವನ್ನು ಕಂಡ ಕೊಳ್ಳುವವನು ತುಂಬಾ ತಿಂಡಿಯಿದೆಯೆಂದು ಭ್ರಮಿಸುವುದೂ ಉಂಟು. ಇದಕ್ಕೆ ಮದ್ದು ನಿವ್ವಳ ತೂಕವನ್ನು ಓದುವ ಅಭ್ಯಾಸ ಒಂದೇ. ಮಕ್ಕಳಿಗೆ ಈ ಅಭ್ಯಾಸವನ್ನು ಮನೆಯಲ್ಲಿಯೇ ಮಾಡಿಸುವುದು ಒಳ್ಳೆಯದು.

ಅಜ್ಜಿಯವರಿಗೆ ತಿಳಿಯದಿದ್ದ ಐದನೆಯ ಸಂಗತಿಯೊಂದಿತ್ತು. ಅವರ ಡಬ್ಬವು ಎಂದೂ ಬಸ್ಸು ಹತ್ತಿರಲಿಲ್ಲ. ನಮ್ಮ ತಿಂಡಿಯಾದರೋ ಘಟ್ಟದ ತಿರುವುಗಳಲ್ಲಿ ಕುಲುಕಾಡಿಕೊಂಡು ಊರೂರಿಗೆ ಹೋಗಬೇಕು. ಮುರಿಯದಂತೆ ಕಳುಹಿಸುವುದು ಹೇಗೆ? ಇದೇ ಪ್ರಶ್ನೆಗೆ ಉತ್ತರವಾಗಿ ಅಮೆರಿಕದ ಪ್ರಾಕ್ಟರ್ ಆಂಡ್ ಗ್ಯಾಂಬಲ್ ಕಂಪೆನಿಯ ರಸಾಯನಶಾಸ್ತ್ರಜ್ಞನಾದ ಫ್ರೆಡ್ರಿಕ್ ಬೌರ್ ಎಂಬಾತನು ‘ಪ್ರಿಂಗಲ್ಸ್’ ಚಿಪ್ಸಿನ ಉದ್ದನೆಯ ಕೊಳವೆಡಬ್ಬಿಯನ್ನು ರಚಿಸಿದನು. ಚಿಪ್ಸುಗಳೆಲ್ಲವೂ ಕುದುರೆಯ ಜೀನಿನಂತೆ ಒಂದೇ ಬಾಗುಳ್ಳವು. ಒಂದರ ಮೇಲೊಂದು ಕುಳಿತು ಅಲುಗದೆ ಇರುವುವು. ಇದರ ಹಕ್ಕುಪತ್ರಕ್ಕೆ ೧೯೬೬ರಲ್ಲಿ ಅರ್ಜಿ ಹೋಗಿ ೧೯೭೦ರಲ್ಲಿ ಅದು ದೊರೆಯಿತು. ಆತನಿಗೆ ತನ್ನ ಡಬ್ಬಿಯ ಮೇಲಿದ್ದ ಅಭಿಮಾನವೆಷ್ಟೆಂದರೆ, ೨೦೦೮ರಲ್ಲಿ ಆತನು ತೀರಿಕೊಂಡಾಗ, ಆತನ ಇಚ್ಛೆಯಂತೆ ಚಿತಾಭಸ್ಮದ ಒಂದು ಭಾಗವನ್ನು ಅಂಥ ಡಬ್ಬಿಯೊಂದರಲ್ಲಿ ಇಟ್ಟು ಹೂಳಿದರು.

ಈ ವೃತ್ತಾಂತವನ್ನು ಕೇಳುತ್ತ ಹಿಟ್ಟನ್ನು ಹೊಸೆಯುತ್ತಿದ್ದ ಅಕ್ಕನವರು ನಕ್ಕು, “ನಮ್ಮಲ್ಲಿ ಬಳೆಗಾರ ಇದನ್ನು ಎಂದೋ ಮಾಡಿದ್ದನಲ್ಲ!” ಎಂದರು. ಮಗಳು ಥಟ್ಟನೆ ತಲೆಯೆತ್ತಿದಳು. ಕೋಡುಬಳೆ ಎಂಬ ಹೆಸರಿನಲ್ಲಿಯೇ ಬಳೆಯಿದೆ. ಗಾಜಿನ ಬಳೆಯಷ್ಟು ಬೇಗ ಒಡೆಯುವ ವಸ್ತು ಇನ್ನೊಂದಿಲ್ಲ. ಆದರೂ ಬಳೆಗಾರನು ಅವನ್ನು ಸಾಲಾಗಿ ಒತ್ತಾಗಿ ಪೋಣಿಸಿ ಮಲಾರ ಕಟ್ಟಿಕೊಂಡು, ಹೆಗಲ ಮೇಲೆ ಹೊತ್ತು ಊರೂರು ತಿರುಗುತ್ತಿದ್ದನು. ಬಿಡಿಬಿಡಿಯಾಗಿ ಚೀಲದಲ್ಲಿ ಸುರಿದಿದ್ದರೆ ಮೊದಲನೆಯ ಊರಿನಲ್ಲಿಯೇ ಅವನ ವ್ಯಾಪಾರ ಮುಗಿಯುತ್ತಿತ್ತು. ಎಷ್ಟೋ ದಿನಗಳಿಂದ ಹುಡುಕುತ್ತಿದ್ದುದು ಹುಡುಗಿಗೆ ಆ ಕ್ಷಣದಲ್ಲಿ ದೊರೆಯಿತು. ಕೋಡುಬಳೆಗಳನ್ನು ಬಳೆಗಳಂತೆ ಒಂದರ ಮೇಲೊಂದು ಜೋಡಿಸುವ ದುಂಡನೆಯ ರಟ್ಟಿನ ಕೊಳವೆ. ಅದರ ಹೆಸರು ‘ಮಲಾರ’.

ಆದರೆ ಹೊಳೆದ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ. ಕೈಯಲ್ಲಿ ಮಾಡಿದ ಕೋಡುಬಳೆಗಳು ಒಂದು ದೊಡ್ಡದು, ಒಂದು ಚಿಕ್ಕದು. ಮಗಳು ಎಲ್ಲವೂ ಒಂದೇ ಅಳತೆಯಲ್ಲಿರಬೇಕೆಂದು ಹಟ ಹಿಡಿದಳು. ಅಕ್ಕನವರಿಗೆ ಸಿಟ್ಟು ಬಂದಿತು. “ಡಬ್ಬಿಗಾಗಿ ಕೋಡುಬಳೆಯೋ, ಕೋಡುಬಳೆಗಾಗಿ ಡಬ್ಬಿಯೋ? ಅಚ್ಚಿನಲ್ಲಿ ಒತ್ತಿ ತೆಗೆಯುವುದಾದರೆ ನನ್ನ ಕೈ ಏತಕ್ಕೆ?” ಎಂದರು. ಎರಡು ದಿನ ತಾಯಿ ಮಗಳಲ್ಲಿ ಮಾತಿಲ್ಲ. ಇಬ್ಬರ ಮಾತಿನಲ್ಲಿಯೂ ನ್ಯಾಯವಿದ್ದುದರಿಂದ ನಾವು ಬಾಯಿ ಹಾಕಲಿಲ್ಲ. ಮೂರನೆಯ ದಿನ ಅಕ್ಕನವರೇ ಒಂದು ಬಿದಿರಿನ ಕಡ್ಡಿಯನ್ನು ಅಳತೆಗೆ ಕತ್ತರಿಸಿಕೊಂಡು, ಹೊಸೆದ ಹಿಟ್ಟಿನ ಎಳೆಯನ್ನು ಆ ಕಡ್ಡಿಯ ಉದ್ದಕ್ಕೆ ತುಂಡರಿಸಿ ಬಳೆ ಕೂಡಿಸಿದರು. ಎಳೆಯ ಉದ್ದ ಒಂದಾದರೆ ಬಳೆಯ ಸುತ್ತೂ ಬಹುಮಟ್ಟಿಗೆ ಒಂದಾಗುವುದು. ಹೊಸೆಯುವುದು ಕೈಯೇ, ಅಳೆಯುವುದು ಮಾತ್ರ ಕಡ್ಡಿ. ಇತ್ತ ಮಗಳೂ ಕೊಳವೆಯ ಒಳಸುತ್ತನ್ನು ಸ್ವಲ್ಪ ಹಿಗ್ಗಿಸಿ, ಹೆಚ್ಚು ಕಡಮೆಯಾದರೂ ಹಿಡಿಯುವಂತೆ ಮಾಡಿದಳು. ಹೀಗೆ ಡಬ್ಬಿಯೂ ತಿಂಡಿಯೂ ಒಂದೊಂದು ಹೆಜ್ಜೆ ಎದುರುಬಂದು ಕೂಡಿಕೊಂಡುವು.

ಪ್ರಿಂಗಲ್ಸ್ ಡಬ್ಬಿಯ ಒಂದು ದೋಷವನ್ನೂ ನಾವು ಓದಿದ್ದೆವು. ಅದರ ಮೈ ರಟ್ಟು, ತಳ ಲೋಹ, ಒಳಪದರ ತಗಡಿನ ಲೇಪ, ಮುಚ್ಚಳ ಪ್ಲಾಸ್ಟಿಕ್. ಇವೆಲ್ಲವೂ ಒಂದೇ ಡಬ್ಬಿಯಲ್ಲಿ ಕೂಡಿರುವುದರಿಂದ ಬೇರ್ಪಡಿಸಿ ಪುನಃ ಉಪಯೋಗಕ್ಕೆ ತರುವುದು ಕಷ್ಟವೆಂದು ೨೦೧೭ರಲ್ಲಿ ಬ್ರಿಟನ್ನಿನ ಮರುಬಳಕೆಯ ಸಂಘದವರು ಅದನ್ನು ಬಹಳವಾಗಿ ಆಕ್ಷೇಪಿಸಿದರು. ಆದಕಾರಣ ನಮ್ಮ ‘ಮಲಾರ’ದಲ್ಲಿ ಎರಡನ್ನು ಬೇರೆ ಬೇರೆಯಾಗಿಯೇ ಇಟ್ಟೆವು: ಒಳಗೆ ತೇವವನ್ನೂ ಗಾಳಿಯನ್ನೂ ತಡೆಯುವ, ಬಾಯಿ ಬೆಸೆದ ತೆಳ್ಳಗಿನ ಚೀಲ, ಹೊರಗೆ ಬರಿಯ ರಟ್ಟಿನ ಕೊಳವೆಯೂ ರಟ್ಟಿನ ಮುಚ್ಚಳವೂ. ಎರಡರ ನಡುವೆ ಅಂಟಿಲ್ಲ. ಚೀಲವನ್ನು ಒಣಕಸದವರಿಗೆ ಕೊಡಬಹುದು. ಕೊಳವೆಯನ್ನು ಮನೆಯಲ್ಲಿಯೇ ಇಟ್ಟುಕೊಳ್ಳಬಹುದು.

ತರುವಾಯ ಪರೀಕ್ಷೆ ಮಾಡಿದೆವು. ಮೂರು ಕೊಳವೆಗಳನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಕಳುಹಿಸಿ ಅದೇ ದಾರಿಯಲ್ಲಿ ತರಿಸಿದೆವು. ಎಪ್ಪತ್ತೈದು ಕೋಡುಬಳೆಗಳಲ್ಲಿ ನಾಲ್ಕು ಮಾತ್ರ ಮುರಿದಿದ್ದುವು, ಅವೂ ತಳದಲ್ಲಿದ್ದುವು. ತಳಕ್ಕೊಂದು ಮಡಿಸಿದ ಕಾಗದದ ಮೆತ್ತೆಯನ್ನಿಟ್ಟ ಮೇಲೆ ಅದೂ ತಪ್ಪಿತು. ಇನ್ನು ಬಾಳಿಕೆಯ ಪರೀಕ್ಷೆ. ಒಂದೇ ದಿನ ಮಾಡಿದ ತಿಂಡಿಯನ್ನು ಹಳೆಯ ಬಗೆಯ ಪಾರದರ್ಶಕ ಚೀಲಗಳಲ್ಲಿಯೂ ಹೊಸ ಕೊಳವೆಗಳಲ್ಲಿಯೂ ತುಂಬಿ, ಕೆಲವನ್ನು ಕಿಟಕಿಯಲ್ಲಿ, ಕೆಲವನ್ನು ಅಡಿಗೆಯ ಮನೆಯಲ್ಲಿ, ಕೆಲವನ್ನು ಅಟ್ಟದ ಮೇಲೆ ಇಟ್ಟು, ಮೂರು ಮೂರು ದಿನಕ್ಕೆ ಒಂದನ್ನು ಒಡೆದು ಮುರಿದು ಮೂಸಿ ತಿಂದು ಪುಸ್ತಕದಲ್ಲಿ ಬರೆದಿಟ್ಟೆವು. ಕಿಟಕಿಯಲ್ಲಿದ್ದ ಪಾರದರ್ಶಕ ಚೀಲದಲ್ಲಿ ಎಲ್ಲಕ್ಕಿಂತ ಮೊದಲು ಕಮಟು ಕಾಣಿಸಿತು. ಕೊಳವೆಯಲ್ಲಿದ್ದುದು ಮೂವತ್ತಮೂರನೆಯ ದಿನದವರೆಗೆ ನಿರ್ದುಷ್ಟವಾಗಿದ್ದಿತು. ಮೂವತ್ತಾರನೆಯ ದಿನ ಅಕ್ಕನವರ ಮೂಗು ಸ್ವಲ್ಪ ಸಂಶಯಪಟ್ಟಿತು. ಪ್ರಯೋಗಶಾಲೆಯ ಪರೀಕ್ಷೆಯು ಬೇರೆಯ ಮಾತು, ಅದನ್ನೂ ಮಾಡಿಸಬೇಕು. ಆದರೆ ಮೂಗಿನ ಪರೀಕ್ಷೆಯನ್ನು ದಾಟದ ತಿಂಡಿ ಪ್ರಯೋಗಶಾಲೆಗೆ ಹೋಗುವ ಆವಶ್ಯಕತೆಯೇ ಇಲ್ಲ.

ಇಲ್ಲಿಯೇ ನಿಜವಾದ ಕಷ್ಟವು ಎದುರಾದುದು. ಬೆಂಗಳೂರಿನ ದೊಡ್ಡ ವ್ಯಾಪಾರಿಯೊಬ್ಬರು ಮಾದರಿಯನ್ನು ನೋಡಿ ಬಹುವಾಗಿ ಮೆಚ್ಚಿ, ತಿಂಗಳಿಗೆ ಸಾವಿರ ಕೊಳವೆಗಳನ್ನು ಕೊಳ್ಳುವುದಾಗಿ ಹೇಳಿದರು. ಅವರದು ಒಂದೇ ನಿಬಂಧನೆ: ಬಾಳಿಕೆಯನ್ನು ಮೂರು ತಿಂಗಳೆಂದು ಅಚ್ಚುಹಾಕಬೇಕು, ಇಲ್ಲವಾದರೆ ಅಂಗಡಿಗಳಲ್ಲಿ ಇಡುವುದು ಸಾಗದು. ಸಾವಿರ ಕೊಳವೆಗಳೆಂದರೆ ಅಡವಿನ ಬಳೆಗಳೆರಡೂ ಆ ತಿಂಗಳಲ್ಲಿಯೇ ಬಿಡುಗಡೆಯಾಗಬಹುದಾಗಿತ್ತು. ಮಗಳ ವರ್ಷದ ಶುಲ್ಕವೂ ಹುಟ್ಟಬಹುದಾಗಿತ್ತು. ನಾವೂ, ಅರುವತ್ತು ದಿನವೆಂದಾದರೂ ಹಾಕಬಾರದೇ, ಯಾರು ಎಣಿಸುತ್ತಾರೆ ಎಂದುಬಿಟ್ಟೆವು. ಆ ಮಾತಿಗಾಗಿ ಈಗಲೂ ನಾಚುತ್ತೇವೆ. ಅಕ್ಕನವರು ಪುಸ್ತಕವನ್ನು ನಮ್ಮ ಮುಂದೆ ನೂಕಿ ಹೇಳಿದರು: “ನನ್ನ ಮೂಗು ಮೂವತ್ತಾರು ದಿನ ಎಂದು ಹೇಳುವಾಗ ನನ್ನ ಡಬ್ಬಿ ತೊಂಬತ್ತು ದಿನ ಎಂದು ಹೇಗೆ ಹೇಳೀತು? ಕೊಂಡವರು ನನ್ನ ಮುಖ ನೋಡಿಲ್ಲ, ಡಬ್ಬಿಯನ್ನು ನೋಡಿದ್ದಾರೆ. ಅದು ಸುಳ್ಳು ಹೇಳಿದರೆ ನಾನು ಹೇಳಿದ ಹಾಗೆ.” ‘ಮಲಾರ’ದ ಮೇಲೆ ಇಪ್ಪತ್ತೈದು ದಿನವೆಂದು ಅಚ್ಚಾಯಿತು. ದೊಡ್ಡ ವ್ಯಾಪಾರವು ಕೈಬಿಟ್ಟುಹೋಯಿತು.

ಪೊಟ್ಟಣದ ಮೇಲೆ ಏನನ್ನು ಬರೆಯತಕ್ಕದ್ದೆಂಬುದಕ್ಕೆ ಸರಕಾರದ ನಿಯಮಗಳಿವೆ. ಸಿದ್ಧ ಪೊಟ್ಟಣದ ಸರಕುಗಳಿಗೆ ೨೦೧೧ರ ತೂಕ ಅಳತೆಗಳ ನಿಯಮಗಳೂ, ಆಹಾರದ ಚೀಟಿಗೆ ೨೦೨೦ರ ನಿಯಮಗಳೂ ಮುಖ್ಯವಾದುವು. ತಿಂಡಿಯ ಹೆಸರು, ಪದಾರ್ಥಗಳ ಪಟ್ಟಿ, ಮಾಡಿದವರ ಹೆಸರು ವಿಳಾಸ, ನಿವ್ವಳ ತೂಕ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆ, ತಯಾರಿಸಿದ ಮತ್ತು ತಿನ್ನತಕ್ಕ ತಾರೀಖು, ದೂರು ಹೇಳುವ ವಿಳಾಸ, ಪ್ರಾಧಿಕಾರವು ಕೊಟ್ಟ ಹದಿನಾಲ್ಕು ಅಂಕೆಗಳ ಸಂಖ್ಯೆ, ಸಸ್ಯಾಹಾರಕ್ಕೆ ಚೌಕದೊಳಗಿನ ಹಸುರು ಚುಕ್ಕೆ ಇವು ಇರಲೇಬೇಕು. ಕೋಡುಬಳೆಗೆ ಚಿರೋಟಿ ರವೆ ಬೀಳುವುದರಿಂದ ಗೋದಿಯಿದೆಯೆಂದು ಸ್ಪಷ್ಟವಾಗಿ ಬರೆಯಬೇಕು. ಗೋದಿ ಒಗ್ಗದವರಿಗೆ ಇದು ಆರೋಗ್ಯದ ಪ್ರಶ್ನೆ. ಈ ವಿವರಗಳು ಇಂಗ್ಲಿಷಿನಲ್ಲಾಗಲಿ ಹಿಂದಿಯಲ್ಲಾಗಲಿ ಇರತಕ್ಕದ್ದು. ಜೊತೆಗೆ ಬೇರೆ ಭಾಷೆಯನ್ನು ಬಳಸಲು ಅಡ್ಡಿಯಿಲ್ಲ. ನಮ್ಮ ಹುಡುಗಿ ಎಲ್ಲವನ್ನೂ ಕನ್ನಡದಲ್ಲಿಯೂ ಬರೆದಳು. ತಾಯಿಯ ಕೈಯ ತಿಂಡಿಯ ಮೇಲಿನ ಬರೆಹವನ್ನು ತಾಯಿಯೇ ಓದಲಾರದಂತಿರಬಾರದೆಂಬುದು ಅವಳ ವಾದ. ಇನ್ನೊಂದು ಮಾತು: ಓದಿದ ಪತ್ರಿಕೆಯ ಕಾಗದದಲ್ಲಿ ಕರಿದ ತಿಂಡಿಯನ್ನು ಕಟ್ಟಿಕೊಡುವ ರೂಢಿ ಅನೇಕ ಕಡೆಗಳಲ್ಲಿ ಉಂಟು. ಶಾಯಿಯು ಎಣ್ಣೆಯೊಡನೆ ತಿಂಡಿಗೆ ಸೇರುವುದರಿಂದ ೨೦೧೮ರ ನಿಯಮಗಳು ಇದನ್ನು ನಿಷೇಧಿಸಿವೆ. ಮನೆಯಲ್ಲಿಯೂ ಇದನ್ನು ಬಿಡುವುದು ಯುಕ್ತ.

ಇಷ್ಟೆಲ್ಲ ಆದ ಮೇಲೆ ಚಿತ್ರದ ಸರದಿ ಬಂದಿತು. ಒಳಗಿನದು ಕಾಣುವಂತೆ ಗಾಜಿನಂಥ ಕಿಂಡಿಯೊಂದಿದ್ದರೆ ಚೆನ್ನೆಂದು ಅಂಗಡಿಯವರು ಹೇಳಿದ್ದರು; ಆದರೆ ಕಿಂಡಿಯೆಂದರೆ ಬೆಳಕು, ಬೆಳಕೆಂದರೆ ಕಮಟು. ಅದಕ್ಕೆ ಬದಲಾಗಿ ಹುಡುಗಿಯು ಮುಚ್ಚಳದ ಮೇಲೆ ಒಂದೇ ಒಂದು ಕೋಡುಬಳೆಯನ್ನು ಅದರ ನಿಜವಾದ ಅಳತೆಯಲ್ಲಿ ಬರೆದಳು. ಒಳಗಿನದನ್ನು ತೆಗೆದು ಚಿತ್ರದ ಮೇಲಿಟ್ಟರೆ ಸುತ್ತಿಗೆ ಸುತ್ತು ಸರಿಹೋಗುವುದು. ಕೊಳವೆಯ ಮೈಮೇಲೆ ಇಪ್ಪತ್ತೈದು ಕೆಂಗಂದು ಪಟ್ಟೆಗಳು, ಬಳೆಗಳನ್ನು ಒತ್ತಾಗಿ ಜೋಡಿಸಿದಂತೆ. ಒಳಗಿರುವ ಕೋಡುಬಳೆಗಳೂ ಇಪ್ಪತ್ತೈದು. ಕಿರೀಟವಿಲ್ಲ, ತೋಟವಿಲ್ಲ. ಮಳೆಯ ಅಂಗಿಯ ಹುಡುಗನು ಹೇಳಿದ ಪಾಠವನ್ನು ಅವಳು ಮರೆತಿರಲಿಲ್ಲ.

ಬರಿದಾದ ಕೊಳವೆಗೂ ಒಂದು ಬಾಳು ಬೇಕೆಂಬುದು ಅವಳ ಆಸೆಯಾಗಿತ್ತು. ೨೦೧೯ರಲ್ಲಿ ಜಪಾನಿನ ನೆಸ್ಲೆ ಕಂಪೆನಿಯವರು ಕಿಟ್‌ಕ್ಯಾಟ್ ಮಿಠಾಯಿಯ ಹೊರಚೀಲವನ್ನು ಪ್ಲಾಸ್ಟಿಕ್ಕಿಗೆ ಬದಲು ಕಾಗದದಿಂದ ಮಾಡಿ, ಆ ಕಾಗದವನ್ನು ಮಡಿಸಿ ಕೊಕ್ಕರೆಯ ಆಕೃತಿಯನ್ನು ಮಾಡುವ ಕ್ರಮವನ್ನು ಅದರ ಮೇಲೆಯೇ ತಿಳಿಸಿದ್ದರು. ಕಾಗದ ಮಡಿಸುವ ಕಲೆ ಆ ನಾಡಿನ ಮಕ್ಕಳ ಕೈಯಲ್ಲಿಯೇ ಇರುವುದರಿಂದ ಅದು ಅಲ್ಲಿಗೆ ಒಪ್ಪಿತು. ನಮ್ಮ ಕೊಳವೆಗೆ ಒಪ್ಪುವುದು ಬಳೆಯೇ. ದೊಡ್ಡವರ ಬಳೆಗೆ ಅದರ ಸುತ್ತು ಸಾಲದು. ಚಿಕ್ಕ ಹುಡುಗಿಯರ ಗಾಜಿನ ಬಳೆಗಳಿಗೆ ಸರಿಯಾಗುವುದು. ಮುಚ್ಚಳದ ಒಳಗಡೆ ಅವಳು ಇಷ್ಟನ್ನೇ ಬರೆದಳು: ‘ತಿಂದಾದ ಮೇಲೆ ಒರಸಿ ಒಣಗಿಸಿ ಬಳೆ ಇಡಿರಿ.’

ವೆಚ್ಚದ ಮಾತನ್ನು ಮರೆಮಾಚಬಾರದು. ಕೊಳವೆಯು ತಿಂಡಿಯ ವೆಚ್ಚದ ಅರ್ಧದಷ್ಟಾಯಿತು. ದಿನವೂ ಕೊಳ್ಳುವವರ ಮೇಲೆ ಈ ಭಾರವನ್ನು ಹೊರಿಸುವುದು ನ್ಯಾಯವಲ್ಲವೆಂದು ಅಕ್ಕನವರು ಎರಡು ಬಗೆಗಳನ್ನು ಇಟ್ಟುಕೊಂಡಿದ್ದಾರೆ. ಉಡುಗೊರೆಗೂ ದೂರದ ಪ್ರಯಾಣಕ್ಕೂ ‘ಮಲಾರ’. ಊರಿನ ನಿತ್ಯದ ಗಿರಾಕಿಗಳಿಗೆ ಒಳಚೀಲಕ್ಕೆ ಕಾಗದ ಸುತ್ತಿದ ಸಾದಾ ಪೊಟ್ಟಣ. ತಮ್ಮ ಡಬ್ಬವನ್ನು ತಾವೇ ತಂದವರಿಗೆ ಪೊಟ್ಟಣವೂ ಇಲ್ಲ, ಅದರ ಬೆಲೆಯೂ ಇಲ್ಲ.

ತಿಂಡಿಯ ಉದ್ಯಮಕ್ಕೆ ತೊಡಗುವ ಗೃಹಿಣಿಯರಿಗೆ ನಾವು ಹೇಳತಕ್ಕದ್ದು ಇಷ್ಟೇ. ಮೊದಲು ನಿಮ್ಮ ತಿಂಡಿಯ ಶತ್ರು ಯಾರೆಂದು ತಿಳಿಯಿರಿ. ನೀರೋ, ಗಾಳಿಯೋ, ಬೆಳಕೋ, ಕುಲುಕಾಟವೋ ಎಂಬುದು ಒಂದೊಂದು ತಿಂಡಿಗೆ ಒಂದೊಂದು ಬಗೆ. ನಿಮ್ಮ ಮನೆಯ ಅಟ್ಟದ ಮೇಲಿನ ಡಬ್ಬವನ್ನು ಕೇಳಿ ನೋಡಿರಿ. ಅನಂತರ ತಿಂಡಿಯ ಆಕಾರವನ್ನೂ ಹೆಸರನ್ನೂ ಕೇಳಿರಿ. ಪೊಟ್ಟಣದ ಆಕಾರವನ್ನು ಎಷ್ಟೋ ಸಲ ಅವೇ ಹೇಳಿಕೊಡುವುವು. ಬಣ್ಣದ ಕುಂಚವನ್ನು ಕಟ್ಟಕಡೆಗೆ ಕೈಗೆತ್ತಿಕೊಳ್ಳಿರಿ. ಎತ್ತಿಕೊಂಡಾಗ ಒಳಗಿಲ್ಲದುದನ್ನು ಹೊರಗೆ ಬರೆಯಬೇಡಿರಿ.

ಶಿವಮೊಗ್ಗೆಯ ಆ ಅಂಗಡಿಯವರು ಈಗ ಹದಿನೈದು ದಿನಕ್ಕೊಮ್ಮೆ ಸ್ವಲ್ಪಸ್ವಲ್ಪವಾಗಿ ತರಿಸಿಕೊಳ್ಳುತ್ತಾರೆ. ಇಪ್ಪತ್ತೈದು ದಿನದ ಗಡುವು ಇರುವುದರಿಂದ ಸರಕು ನಿಲ್ಲುವುದಿಲ್ಲ. ನಿಲ್ಲದಿರುವುದರಿಂದ ಯಾವಾಗಲೂ ಹೊಸತು, ಹೊಸತಾದುದರಿಂದ ಗಿರಾಕಿ ತಪ್ಪುವುದಿಲ್ಲ. ಮಗಳ ಓದು ನಿಲ್ಲಲಿಲ್ಲ. ಅಡವಿನಲ್ಲಿದ್ದ ಬಳೆಗಳಲ್ಲಿ ಒಂದನ್ನು ಅಕ್ಕನವರು ಬಿಡಿಸಿಕೊಂಡಿದ್ದಾರೆ. ಇನ್ನೊಂದು ಇನ್ನೂ ಬರಬೇಕಾಗಿದೆ. ಅದು ಬರುವ ತನಕ ಒಂದು ಕೈಗೆ ಚಿನ್ನದ ಬಳೆಯನ್ನೂ ಇನ್ನೊಂದಕ್ಕೆ ಗಾಜಿನ ಬಳೆಯನ್ನೂ ತೊಟ್ಟು ಹಿಟ್ಟು ಹೊಸೆಯುತ್ತಿದ್ದಾರೆ.